ಗಂಡಹೆಂಡಿರ ಕೋಣೆ

ಮಗಳೇ,

ಹಾಲು ಕಾಯಿಸಿಟ್ಟಿದ್ದೀನಿ, ಬೆಕ್ಕು ಬಾಯಿ ಹಾಕೋ ಮುಂಚೆ ಒಳಗಿಡು. ನಾನು ನಿಮ್ಮಪ್ಪ ಇರೋ ವೃದ್ಧಾಶ್ರಮಕ್ಕೆ ಹೊರಟೆ.

ನಿನ್ನೆ ಅಲ್ಲಿ ಊಟದ ಹೊತ್ತಲ್ಲಿ, ಪಕ್ಕದ ಕೋಣೆಯ ಟೀಚರಮ್ಮನ ಅಂಗೈಯೊಳಗೆ ಇವರು ಬೆರಳಾಡಿಸಿ ಏನೋ ಹೇಳಿದರು. ಆಕೆ ಬಿದ್ದೂ ಬಿದ್ದೂ ನಕ್ಕಳು. ಇವರಿಗೆ ಕಣ್ಣು ಕಾಣುತ್ತಿದ್ದಾಗ ಇವರ ಕೈಮಾತನ್ನ ನಮ್ಮಂಥ ಕಿವುಡರು ಬೀದಿಯ ಆ ಕಡೆಯಿಂದಲೂ ಓದಬಹುದಿತ್ತು. ಈಗ ಕಿವಿಯ ಜೊತೆ ಕಣ್ಣೂ ಹೋದಮೇಲೆ ಎಲ್ಲಾ ಮುಚ್ಚಿದ ಕೈಯೊಳಗೇ! ಎದುರಿಗೇ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನ ಮುಟ್ಟದೆ ಎದ್ದು ಬಂದೆ.

ಅಲ್ಲಿ ಗಂಡಹೆಂಡಿರಿಗೆ ಅಂತ ಒಂದು ಕೋಣೆ ಖಾಲಿಯಿದೆಯಂತೆ. ಸಂಜೆ ನನ್ನ ಬಟ್ಟೆ, ದಿಂಬು ತಂದುಕೊಡು.

ನಿಮ್ಮಪ್ಪನಿಗೆ ಯಾರ ಕೈಲೂ ಹೇಳಿಸಬೇಡ. ನಾನೇ ಹೋಗಿ ತೋಳಿಗೆ ಒಂದು ಚಿವುಟಿದರೆ ಸಾಕು, ಯಾರು ಬಂದರು ಅಂತ ಅವರಿಗೇ ಗೊತ್ತಾಗುತ್ತೆ.