ಪೋಸ್ಟರಿನ ವಯಸ್ಸು

ಗುರುವಾರ, ಮಧ್ಯಾಹ್ನ

ಅಮ್ಮಾ,

ಉಭಯ ಕುಶಲೋಪರಿ ಎಂದು ಶುರುಮಾಡೋಣವೆಂದುಕೊಂಡೆ, ಕೈ ಏಳಲಿಲ್ಲ. ಇಲ್ಲಿ ಕುಶಲವಿಲ್ಲ. ನಿನ್ನೆಯಿಂದ ಗರ ಬಡಿದವಳ ಹಾಗೆ ಕೂತಿದ್ದೇನೆ. ಫೋನ್ ಮಾಡಿದರೆ ನೀನು ಮೊದಲ ಮಾತಿಗೇ ಅಳುತ್ತೀಯ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡುತ್ತಾ ಕೂರಬೇಕು. ಅದಕ್ಕೇ ಈ ಕಾಗದ. ನಾಳೆ ನಿನ್ನ ಅಳಿಯ ಕೆಲಸದ ಮೇಲೆ ಆ ಕಡೆ ಬರುತ್ತಿದ್ದಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಕೇಳಬೇಕಾದ್ದು ಒಂದೇ. ನನಗೆ ಎಷ್ಟು ವಯಸ್ಸು?

ಹುಚ್ಚು ಹಿಡಿದಿದೆಯಾ ಇವಳಿಗೆ ಎನ್ನಬೇಡ. ನನ್ನ ಎಡಭುಜದ ನೋವು ನಿನಗೆ ಗೊತ್ತೇ ಇದೆಯಲ್ಲ. ಬಸುರಿಯಾದ ಮೇಲೆ ಮಾತ್ರೆ ನುಂಗುವ ಹಾಗಿಲ್ಲವೆಂದು ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಮಂಚ ಹಿಡಿಸುವಷ್ಟು ಜಾಗ, ಗೋಡೆಗೆ ಮೂಳೆಗಳ ಚಿತ್ರ. ನನ್ನನ್ನು ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರಿಸಿ ಭುಜ ಒತ್ತುತ್ತಿದ್ದ ಹೆಂಗಸು, ಇದು ಚಿಕ್ಕಂದಿನಲ್ಲೇ ಆದ ಪೆಟ್ಟು, ಅಳತೆ ಮೀರಿದ ಪಿಟೀಲು ಹಿಡಿದಿದ್ದಿರಾ ಎಂದು ಕೇಳಿದಳು. ಹೌದು, ಎಳವೆಯಿಂದಲೂ ದೊಡ್ಡವರ ಪಿಟೀಲೇ ಎಂದೆ. ಆಗ ಅವಳ ಕೈ ನಿಂತಿತು. ನನ್ನ ಮುಂದೆ ಬಂದು ಮುಖ ನೋಡಿ, ನೀವು ಗುಬ್ಬಿ ಅಲ್ವಾ ಎಂದಳು.

ಚಿಕ್ಕಂದಿನ ನನ್ನ ಪಿಟೀಲು ಕಚೇರಿಯ ಪೋಸ್ಟರ್ ನೆನಪಿಟ್ಟು ಗುರುತು ಹಿಡಿಯುವವರು ಈಗಲೂ ಅಪರೂಪಕ್ಕೆ ಸಿಗುತ್ತಾರೆ. ಎಂದಿನ ನಗು ನಕ್ಕೆ. ಆದರೆ ಅವಳು ಪೋಸ್ಟರಿನ ಮಾತೆತ್ತಲಿಲ್ಲ. ಅವಳು ನಮ್ಮ ಹಳೇ ಬೀದಿಯ ದರ್ಜಿಯ ಮಗಳಂತೆ. ನಾನು ಹುಟ್ಟಿದಾಗ ನಿನಗೆ ಜ್ವರ ಏರಿ ಹಾಲು ಬತ್ತಿತಂತೆ. ದರ್ಜಿಯ ಹೆಂಡತಿಯೂ ಅದೇ ವಾರ ಹೆತ್ತಿದ್ದಳಂತೆ. ಪಕ್ಕದ ಮನೆಯ ಕೂಸನ್ನೂ ಎದೆಗೆ ಹಾಕಿಕೊಂಡು ಸಾಕಿದೆ ಎಂದು ಅವಳ ಅಮ್ಮ ಇವತ್ತಿಗೂ ಹೇಳುತ್ತಾಳಂತೆ. ಒಂದೇ ಹಾಲು ಕುಡಿದವರು ನಾವು, ದುಡ್ಡು ತಗೊಳ್ಳಲ್ಲ ಎಂದಳು. ನನಗೆ ಕಣ್ಣು ತುಂಬಿ ಬಂತು. ಹಾಗಾದರೆ ನಿಮಗೂ ಮೂವತ್ತಾರೇ ಎಂದೆ.

ಅವಳು ನಕ್ಕಳು. ತನಗೆ ಮೂವತ್ತೊಂಬತ್ತು ಎಂದಳು.

ನಾನು ವಾದಿಸಿದೆ, ಅಮ್ಮ. ಬೇರೆ ಯಾವುದೋ ಮಗು ಇರಬೇಕೆಂದೆ. ಅವಳು ಪಾಪ, ಅಲ್ಲೇ ತನ್ನ ಅಮ್ಮನಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಳು. ಆ ತಾಯಿ ನಿನ್ನ ಆರೋಗ್ಯ ಕೇಳಿದಳು, ಅಪ್ಪ ತೀರಿಕೊಂಡ ಸುದ್ದಿಗೆ ಮರುಗಿದಳು. ಆಮೇಲೆ ಹೇಳಿದಳು: "ಜ್ಞಾಪಕ ಇಲ್ದೆ ಏನಮ್ಮಾ? ಒಂದು ಕಡೆ ಅವಳು, ಒಂದು ಕಡೆ ನೀನು. ನೀನೇ ಮೊದಲು ಹುಟ್ಟಿದ್ದು."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದವಳೇ ಕನ್ನಡಿಯ ಮುಂದೆ ನಿಂತೆ. ನೀನೂ ಅಪ್ಪನೂ ಆ ಮೂರು ವರ್ಷ ಎಲ್ಲಿಟ್ಟಿದ್ದೀರಿ ಎಂದು ಹುಡುಕುವವಳ ಹಾಗೆ.

ಒಂದೊಂದಾಗಿ ಎಲ್ಲ ಅರ್ಥವಾಗುತ್ತಿದೆ, ಅದೇ ಭಯ. ಆ ಬೀದಿ ಬಿಟ್ಟು ನೆಂಟರಿಲ್ಲದ, ಪರಿಚಯವಿಲ್ಲದ ಊರಿಗೆ ಬಂದೆವಲ್ಲ, ಅಪ್ಪನಿಗೆ ಅಲ್ಲೇನೂ ಕೆಲಸ ಕಾದಿರಲಿಲ್ಲ. ಹೊಸ ಮನೆಯಲ್ಲಿ ಯಾರಾದರೂ ವಯಸ್ಸು ಕೇಳಿದರೆ ನಾನು ಏಳು ಎನ್ನುತ್ತಿದ್ದೆ. ಅಪ್ಪ ನಗುತ್ತಾ, ನಾಲ್ಕು ಕಣ್ರೀ, ಇವಳಿಗೆ ಸ್ವರ ಬಿಟ್ಟು ಲೆಕ್ಕ ತಲೆಗೆ ಹತ್ತಲ್ಲ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇವತ್ತಿಗೂ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ನನಗೆ ಧೈರ್ಯವಿಲ್ಲ.

ಪೋಸ್ಟರಿನಲ್ಲಿ 'ಐದು ವರ್ಷದ ಗುಬ್ಬಿ' ಎಂದು ಅಚ್ಚಾದಾಗ ನನಗೆ ಎಂಟು. ಪಿಟೀಲು ಮೇಷ್ಟ್ರು ಮಕ್ಕಳ ಅಳತೆಯದು ಕೊಡಿಸಿ ಎಂದು ಅಪ್ಪನ ಹತ್ತಿರ ಜಗಳವನ್ನೇ ಆಡಿದ್ದರು. ಅಪ್ಪ ಕೇಳಲಿಲ್ಲ, ಮೇಷ್ಟ್ರನ್ನೇ ಬಿಡಿಸಿದರು. ಹುಡುಗಿಯ ಕೈಗೆ ಎಟುಕುವುದಕ್ಕಿಂತ ದೊಡ್ಡ ವಾದ್ಯ ಕೊಟ್ಟರೆ ನುಡಿಸುವವಳು ಇನ್ನೂ ಚಿಕ್ಕವಳಾಗಿ ಕಾಣುತ್ತಾಳೆ! ವಾದ್ಯಗೋಷ್ಠಿಯ ಹಿಂದಿನ ಸಾಲಿನಲ್ಲಿ ಜೀವನ ಸವೆಸಿದ ಅವರಿಗೆ ಮುಂದೆ ಕೂತ ಸಭಿಕರ ಕಣ್ಣಿಗೆ ಏನು ಕಾಣುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅಪ್ಪನ ಬುದ್ಧಿಗೆ ಭೇಷ್ ಎನ್ನಬೇಕು. ನನ್ನ ಭುಜ ಹೋಯಿತು, ಅಷ್ಟೇ.

ಅಪ್ಪನನ್ನು ಬೈದು ಮುಗಿಸಬಹುದು. ನಿನ್ನ ವಿಷಯ ಅಷ್ಟಕ್ಕೆ ಮುಗಿಯುವುದಿಲ್ಲ.

ನಾನು ದೊಡ್ಡವಳಾದ ದಿನ ನೆನಪಿದೆಯಾ? ನನ್ನ ಪ್ರಕಾರ ನನಗಾಗ ಒಂಬತ್ತು. ಕಚೇರಿಗೆ ಮುಂಚೆ, ವೇದಿಕೆಯ ಹಿಂದಿನ ಕೋಣೆಯಲ್ಲಿ, ಹೊಟ್ಟೆ ಹಿಡಿದುಕೊಂಡು ನಿನ್ನ ಕಾಲ ಬಳಿ ಕೂತೆ. ಸಾಯುತ್ತೇನಾ ಎಂದು ಕೇಳಿದೆ. ನೀನು ಬಾಗಿಲು ಹಾಕಿ, ನನ್ನ ಎದೆಗೆ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿ, ಮೇಲೆ ಕುಚ್ಚಿನ ಫ್ರಾಕು ಹಾಕಿ, ಯಾರಿಗೂ ಹೇಳಬೇಡ, ನಿನ್ನದು ಅವಸರದ ಮೈ ಎಂದೆ. ಅವತ್ತಿನಿಂದ ನನ್ನ ಮೈಗೆ ಏನೋ ರೋಗವಿದೆ ಎಂದೇ ನಂಬಿ ಬೆಳೆದೆ. ಗೆಳತಿಯರ ಜೊತೆ ಸ್ನಾನಕ್ಕೆ ಇಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ದೀಪ ಹಚ್ಚಿದರೆ ಅಳುತ್ತಿದ್ದೆ. ನನಗೆ ಹನ್ನೆರಡಾಗಿತ್ತು, ಅಮ್ಮ! ಎಲ್ಲ ಹುಡುಗಿಯರ ಹಾಗೆಯೇ ಆಗಿತ್ತು. ನಿನಗೆ ಗೊತ್ತಿತ್ತು. ಆ ಬಾಗಿಲು ಹಾಕಿಯೇ ಇತ್ತಲ್ಲ, ಒಂದು ಮಾತು ನನ್ನ ಕಿವಿಯಲ್ಲಿ ಹೇಳಬಹುದಿತ್ತು.

ಈಗ ಇನ್ನೊಂದೂ ಅರ್ಥವಾಗಿದೆ. ಎರಡು ವರ್ಷದಿಂದ ಫೋನಿನಲ್ಲಿ ಮಗು ಮಾಡಿಕೋ, ತಡಮಾಡಬೇಡ ಎಂದು ಪ್ರಾಣ ತಿಂದೆಯಲ್ಲ. ಅಜ್ಜಿಯಾಗುವ ಆತುರ ಎಂದು ನಾವಿಬ್ಬರೂ ನಿನ್ನನ್ನು ಗೇಲಿ ಮಾಡುತ್ತಿದ್ದೆವು. ನೀನು ಲೆಕ್ಕ ಹಾಕುತ್ತಿದ್ದೆ.

ಸೋಮವಾರ ನನ್ನ ರಕ್ತ ಪರೀಕ್ಷೆ. ಮಗುವಿಗೆ ಹುಟ್ಟಿನಿಂದಲೇ ತೊಂದರೆ ಬರುವ ಸಂಭವ ಎಷ್ಟು ಎಂದು ನೋಡುತ್ತಾರೆ. ತಾಯಿಯ ವಯಸ್ಸು ಸೇರಿಸಿಯೇ ಆ ಲೆಕ್ಕ ಬರುವುದು, ಅದು ತಪ್ಪಾದರೆ ಉತ್ತರವೂ ತಪ್ಪು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ನನ್ನ ಮಗು ಪೋಸ್ಟರ್ ನೋಡಿ ಬೆಳೆಯುತ್ತಿಲ್ಲ. ಅದಕ್ಕೆ ನಿಜವಾದ ವಯಸ್ಸಿನ ತಾಯಿ ಬೇಕು. ಈ ಕಾಗದದ ಹಿಂಬದಿಯಲ್ಲಿ ಅಂಕಿ ಬರೆದು ಅಳಿಯನ ಕೈಗೆ ಕೊಡು. ಕಾರಣ ಬರೆಯಬೇಡ, ಕ್ಷಮೆ ಕೇಳಬೇಡ. ಬರುವುದಂತೂ ಬೇಡವೇ ಬೇಡ. ನಿನ್ನ ಮುಖ ನೋಡುವ ಶಕ್ತಿ ಸದ್ಯಕ್ಕೆ ನನಗಿಲ್ಲ.

ಊಟ ಬಿಡಬೇಡ, ಸಕ್ಕರೆ ಕಾಯಿಲೆಯ ಮಾತ್ರೆ ಮರೆಯಬೇಡ. ಕೋಪದಲ್ಲೂ ಇದನ್ನು ಬರೆಯುತ್ತಿದ್ದೇನಲ್ಲ, ನನ್ನ ಹಣೆಬರಹ.

ನಿನ್ನ ಮಗಳು,
ಗುಬ್ಬಿ

ತಾ.ಕ.: ಶುಕ್ರವಾರ ಬೆಳಿಗ್ಗೆ. ಇವರು ಕಾರು ತೆಗೆಯುವ ಮೊದಲು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಸೋಮವಾರಕ್ಕೆ ಹೆಸರು ಬರೆಸಲು ಈಗಷ್ಟೇ ಆಸ್ಪತ್ರೆಗೆ ಹೋಗಿ ಬಂದೆ. ಕೌಂಟರಿನ ಹುಡುಗಿ ವಯಸ್ಸು ಕೇಳಿದಳು. ಮೂವತ್ತಾರು ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಗೊತ್ತಿದ್ದೇ ಹೇಳಿದೆ. ಅವಳು ತಲೆಯೆತ್ತಿ ನೋಡಿ, "ಅಷ್ಟಾಗಿದೆ ಅಂತ ಅನ್ಸೋದೇ ಇಲ್ಲ ಮೇಡಂ" ಎಂದಳು. ನನಗೆ ಖುಷಿಯಾಯಿತು, ಅಮ್ಮ. ಮೆಟ್ಟಿಲಿಳಿಯುವವರೆಗೂ ಖುಷಿಯಾಗಿಯೇ ಇತ್ತು. ಅಂಕಿ ಬರೆದು ಕಳಿಸುವುದು ಬೇಡ, ಇವರ ಜೊತೆಗೇ ಹೊರಟು ಬಾ. ಸೋಮವಾರ ಆ ಕೌಂಟರಿನಲ್ಲಿ ನನ್ನ ಪಕ್ಕ ನಿಂತು ನೀನೇ ಹೇಳು. ನನ್ನ ಬಾಯಲ್ಲಿ ಅದು ಬರುವುದಿಲ್ಲ.