ಬಾಯಿ ಮುಚ್ಚಿದ ದೀಪ

ಕಾಸರಗೋಡು
12-7-1941

ವಂದನೀಯ ಪಾದ್ರಿ ಸ್ವಾಮಿಗಳಿಗೆ ಪೆಟ್ರೋನಿಲ್ಲಾಳ ನಮಸ್ಕಾರಗಳು.

ಇಗರ್ಜಿಗೆಂದು ನನ್ನ ಗಂಡ ಲಿಯೋ ಊದಿದ ಗಾಜಿನ ದೀಪವನ್ನು ಕೊಯ್ದು ಬಾಯಿ ಮಾಡಿಸಲು ನಾಳೆ ಜನ ಕಳುಹಿಸುವಿರೆಂದು ತಿಳಿಯಿತು. ಎಣ್ಣೆ ಹಾಕಲು ಬಾಯಿ ಬೇಕು, ನಿಜ. ಅಂದು ಜ್ವರದಲ್ಲಿ ಊದಿ, ಮರೆತು ಬಾಯಿಯನ್ನೇ ಮುಚ್ಚಿಬಿಟ್ಟರು. "ಎಂತ ಮಾಡಿದೆ ನೋಡು ಮಾರಾಯ್ತಿ" ಎಂದು ನಕ್ಕರು. ಮೂರನೆಯ ದಿನ ತೀರಿಕೊಂಡರು.

ಅವರು ಊದಿದ ಉಸಿರು ಇನ್ನೂ ಅದರೊಳಗೆ ಉಂಟು. ಬದಲಿಗೆ ನನ್ನ ತವರಿನ ಹಿತ್ತಾಳೆ ದೀಪ ಕೊಡುತ್ತೇನೆ. ದಯವಿಟ್ಟು ಯಾರನ್ನೂ ಕಳುಹಿಸಬೇಡಿ.

ಇಂದು ಬೆಳಿಗ್ಗೆ ಹಬೆ ಹಿಡಿದು ಗಾಜು ಮಸುಕಾಗಿತ್ತು. ಸೆರಗಿನಿಂದ ಎಷ್ಟು ಒರೆಸಿದರೂ ಹೋಗಲಿಲ್ಲ. ಹಬೆ ಹಿಡಿದದ್ದು ಒಳಗಿನಿಂದ.

ತಮ್ಮ ಆಶೀರ್ವಾದ ಬೇಡುವ,
ಪೆಟ್ರೋನಿಲ್ಲಾ