ನಾನು ಹೊದಿಸಿದ ಚಾದರ

ಅವ್ವಾ,

ಎದೆಯಲ್ಲಿ ಗಂಟು ಕಂಡಿದ್ದರಿಂದ ಡಾಕ್ಟರರು ನನ್ನ ಹಾರ್ಮೋನ್ ಗುಳಿಗೆ ನಿಲ್ಲಿಸಿ ತಿಂಗಳಾಯಿತು. ಮುಟ್ಟು ನಿಂತಾಗ ಮೈಗೆ ಹತ್ತಿದ್ದ, ಗುಳಿಗೆ ತಡೆದಿದ್ದ ಆ ಬೆಂಕಿ ಮತ್ತೆ ಬಂದಿದೆ. ಇವತ್ತು ಸೊಲ್ಲಾಪುರದ ನಮ್ಮ ಅಂಗಡಿಯಲ್ಲಿ, ವಳಸಂಗದ ಹೆಣ್ಣುಮಗಳೊಬ್ಬಳಿಗೆ ತೋರಿಸಲು ದಪ್ಪ ಚಾದರವನ್ನು ತೊಡೆಯ ಮೇಲೆ ಹರಡಿದ್ದೆ. ಕಿವಿಯಿಂದ ಬಿಸಿ ಏರಿತು, ಚಾದರ ಕಿತ್ತೆಸೆದೆ. ನನ್ನ ಬೆವರು ನೋಡಿ ಅವಳು, "ಭಾಳ ಬೆಚ್ಚಗ ಐತಿ ಬಿಡ್ರಿ, ಎರಡು ಕೊಡ್ರಿ" ಅಂದಳು. ನಗು ಬಂತು.

ನೀನಿದ್ದಾಗ ಪ್ರತಿ ದೀಪಾವಳಿಗೆ ಮೈಂದರ್ಗಿಯ ತವರಿಗೆ ಇಂಥದೇ ಚಾದರ ತರುತ್ತಿದ್ದೆ. ನೀನು ಹೊದೆಯುತ್ತಿರಲಿಲ್ಲ. "ನಾ ತಂದದ್ದು ನಿನಗ ಸೇರಂಗಿಲ್ಲೇನು?" ಎಂದು ಒಂದು ವರ್ಷ ಸಿಟ್ಟಿನಿಂದ ನಾನೇ ಹೊದಿಸಿದೆ. ನಾನು ಹೊರಡುವವರೆಗೂ ನೀನು ಅದನ್ನು ಹೊದ್ದೇ ಕೂತೆ. ನಿನಗಾಗ ಐವತ್ತೊಂದು, ಈಗ ನನಗಾಗಿರುವಷ್ಟೇ.

ನಿನ್ನ ಬಿಸಿಯೂ ಕಿವಿಯಿಂದಲೇ ಏಳುತ್ತಿತ್ತೇನವ್ವಾ? ಅವತ್ತು ನನ್ನ ಬಸ್ಸು ಹೊರಟ ಮೇಲೆಯೇ ಅದನ್ನು ತೆಗೆದೆಯಾ?